ಎರಡು ಸಲ ಓದಿದ ಪುಸ್ತಕ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ನಮ್ಮ ನಂಬರಪ್ಪನಿಗೆ ಅದಿರಲಿಲ್ಲ. ಇದ್ದಿದ್ದರೆ ಪ್ರೊಫೆಸರ್ ಮೇಡಂ ಕೇಳಿದ ದಿನ "ಅಲ್ಲಲ್ಲಿ ಓದಿದ್ದೀನಿ" ಅಂತ ನಾಲ್ಕು ಜನರ ಹಾಗೆ ಸಣ್ಣದೊಂದು ಸುಳ್ಳು ಹೇಳಿ, ಗಾಜು ಒರೆಸುತ್ತಾ ಸುಖವಾಗಿರುತ್ತಿದ್ದ.

ನಂಬರಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕಣ್ಣು ಪರೀಕ್ಷೆ ಮಾಡಿ ಜನಕ್ಕೆ ನಂಬರ್ ಕೊಡುತ್ತಿದ್ದವನಿಗೆ ಬೀದಿಯವರು ಕೊಟ್ಟ ಬಿರುದು. ಅಂಗಡಿಯ ಹಿಂಭಾಗದಲ್ಲಿ, ಪರದೆಯ ಆಚೆ, ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಪಕ್ಕದಲ್ಲಿ ಗಾಜುಗಳ ಪೆಟ್ಟಿಗೆ. ಅಷ್ಟೇ ಅವನ ಸಾಮ್ರಾಜ್ಯ. ಕುರ್ಚಿಯ ಮೇಲೆ ಒಂದು ದಪ್ಪ ಪುಸ್ತಕವೂ ಇತ್ತು. ಯಾರೋ ಗಿರಾಕಿ ಮೂರು ವರ್ಷದ ಹಿಂದೆ ಮರೆತು ಹೋದದ್ದು. ರಟ್ಟು ಕಿತ್ತುಹೋಗಿದೆ, ಏಳುನೂರ ಹನ್ನೆರಡು ಪುಟ, ಮೊದಲಿಂದ ಕೊನೆತನಕ ತತ್ವಶಾಸ್ತ್ರ. ಕುಳ್ಳಗಿರುವವರು ಪರೀಕ್ಷೆಗೆ ಬಂದರೆ ಅವರನ್ನು ಅದರ ಮೇಲೆ ಕೂರಿಸುತ್ತಿದ್ದ. ಇಷ್ಟು ಜನರನ್ನು ಮೇಲಕ್ಕೆತ್ತಿದ ತತ್ವಶಾಸ್ತ್ರದ ಪುಸ್ತಕ ಇನ್ನೊಂದಿರಲಾರದು. ಗಿರಾಕಿಗಳಿಲ್ಲದ ಮಧ್ಯಾಹ್ನ ಅದನ್ನು ಓದಲು ಕೂತು, ಮುನ್ನುಡಿಯ ಹನ್ನೊಂದನೇ ಪುಟದವರೆಗೆ ಹೇಗೋ ತೆವಳಿ, ಆ ಪುಟದ ಮೇಲೆಯೇ ಕೆನ್ನೆ ಇಟ್ಟು ನಿದ್ದೆ ಮಾಡುತ್ತಿದ್ದ.

ಒಂದು ಶನಿವಾರ ಪ್ರೊಫೆಸರ್ ಮೇಡಂ ಕಣ್ಣು ತೋರಿಸಲು ಬಂದರು. ಸಂಜೆ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುವವರು. ಕುರ್ಚಿಯಲ್ಲಿ ಕೂರಲು ಹೋದವರು ಬೆಂಕಿ ಮುಟ್ಟಿದ ಹಾಗೆ ಎದ್ದು ನಿಂತರು.

"ಇದು... ಇದನ್ನ ಇಲ್ಲಿ ಯಾರು ಓದ್ತಾರೆ?"

"ನಾನೇ ಮೇಡಂ."

"ಪೂರ್ತಿ ಓದಿದ್ದೀರಾ?"

ನಂಬರಪ್ಪ ಇಲ್ಲಿ ನಿಲ್ಲಬಹುದಿತ್ತು. ಆದರೆ ಹದಿನೆಂಟು ವರ್ಷದಲ್ಲಿ ಆ ಪರದೆಯ ಆಚೆ ಯಾರೂ ಅವನನ್ನು ಇಷ್ಟು ಗೌರವದಿಂದ ನೋಡಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ. "ಎರಡು ಸಲ" ಅಂದುಬಿಟ್ಟ.

ಮೇಡಂ ಕಣ್ಣಲ್ಲಿ ನೀರು ಬಂತು. "ನಾನೇ ಇದನ್ನ ಮುಗಿಸೋಕೆ ನಾಲ್ಕು ವರ್ಷ ತಗೊಂಡೆ! ನೋಡಿ, ನಿಮ್ಮನ್ನ ದೇವರೇ ತೋರಿಸಿದ್ದು. ನಮ್ಮ ವಿಭಾಗಕ್ಕೆ ಈ ವರ್ಷ ನಾಲ್ಕೇ ಜನ ಸೇರಿದ್ದಾರೆ. ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಐದನೆಯವರು ಸಿಗದಿದ್ರೆ ವಿಭಾಗಕ್ಕೆ ಬೀಗ. ನನ್ನನ್ನ ಶೀಘ್ರಲಿಪಿ ವಿಭಾಗಕ್ಕೆ ಹಾಕ್ತಾರೆ. ನನಗೆ ಜೀವನದಲ್ಲಿ ಶೀಘ್ರವಾಗಿ ಏನೂ ಬರಲ್ಲ ಕಣ್ರೀ."

"ಅಯ್ಯೋ ಪಾಪ" ಅಂದ ನಂಬರಪ್ಪ, ಅಪಾಯ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಇನ್ನೂ ತಿಳಿಯದೆ.

"ನೀವು ಬಂದು ಸೇರಿ. ಸಂದರ್ಶನ ಅಂತ ಒಂದು ಶಾಸ್ತ್ರ ಇರುತ್ತೆ. ಓದಿದ ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ನಿಮಗೇನು ಬಿಡಿ, ಎರಡು ಸಲ ಓದಿದ್ದೀರಿ!"

ಪರದೆಗೆ ಕಿವಿ ಇರಲಿಲ್ಲ, ಪರದೆಯ ಈಚೆ ಕೂತಿದ್ದ ಅಂಗಡಿ ಯಜಮಾನರಿಗೆ ಎರಡಿದ್ದವು. ನಂಬರಪ್ಪ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ಹಿಡಿದಳು.

"ಏನ್ರೀ, ನೀವು ತತ್ವಜ್ಞಾನಿ ಅಂತೆ? ಹದಿನಾಲ್ಕು ವರ್ಷ ಜೊತೇಲಿ ಸಂಸಾರ ಮಾಡಿದ್ದೀನಿ, ನನಗೆ ಒಂದು ಮಾತು ಹೇಳಬಾರದಿತ್ತಾ? ಪಕ್ಕದ ಮನೆಯವಳು ಬಂದು ಹೇಳಿ ನಾನು ತಿಳ್ಕೋಬೇಕಾ?"

ಅವರ ಜೊತೆಯಲ್ಲೇ ಇದ್ದ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಿಂದ ಮಗಳನ್ನು ಸಮಾಧಾನ ಮಾಡಿದರು. "ಸುಮ್ನಿರೇ. ದೊಡ್ಡವರು ಹೇಳ್ಕೊಂಡು ತಿರುಗಲ್ಲ. ಅಳಿಯಂದಿರು ಎರಡು ಸಲ ಓದಿದ್ದು ಅವರ ಮುಖ ನೋಡಿದ್ರೆ ಒಂಚೂರಾದ್ರೂ ಗೊತ್ತಾಗುತ್ತಾ ಹೇಳು?"

ಇದು ಹೊಗಳಿಕೆಯೋ ಇನ್ನೊಂದೋ ಅಂತ ನಂಬರಪ್ಪನಿಗೆ ಬಗೆಹರಿಯಲಿಲ್ಲ. ಅತ್ತೆಯ ಮಾತು ಅವನಿಗೆ ಯಾವತ್ತೂ ಬಗೆಹರಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ನಿವೃತ್ತ ಪೋಸ್ಟ್‌ಮಾಸ್ಟರು ಬಂದರು. ಮೂವತ್ತನಾಲ್ಕು ವರ್ಷ ಊರಿನವರ ಕಾಗದಕ್ಕೆ ಮುದ್ರೆ ಒತ್ತಿ, ಈಗ ಸ್ವಂತ ಅಭಿಪ್ರಾಯಗಳಿಗೆ ಒತ್ತುತ್ತಿದ್ದವರು. ಕೂರುವ ಮೊದಲೇ ಗುಡುಗಿದರು.

"ಕಾಲೇಜಿಗೆ ಹೋಗ್ತೀರಂತೆ? ನಾಚಿಕೆ ಆಗಲ್ವೇನ್ರೀ? ಜ್ಞಾನಕ್ಕೆ ಹಾಜರಿ ಪುಸ್ತಕ! ಸತ್ಯಕ್ಕೆ ಮೂವತ್ತೈದು ಬಂದ್ರೆ ಪಾಸು! ಅಲ್ಲಾ ಸ್ವಾಮಿ, ಎರಡು ಸಲ ಸ್ವಂತವಾಗಿ ಓದಿದ ಮನುಷ್ಯ ಹೋಗಿ ಬೆಂಚಿನ ಮೇಲೆ ಕೂತು 'ಪ್ರೆಸೆಂಟ್ ಮೇಡಂ' ಅನ್ನೋದಾ?"

"ಹಾಗೇನಿಲ್ಲ ಸಾರ್, ಇನ್ನೂ ತೀರ್ಮಾನ ಆಗಿಲ್ಲ..."

"ತೀರ್ಮಾನ ನಾನು ಮಾಡಿದ್ದೀನಿ. ನಮ್ಮ ಮಹಡಿ ಮೇಲೆ ಸ್ವತಂತ್ರ ಚಿಂತಕರ ಕೂಟ. ಅದೇ ಶುಕ್ರವಾರ, ಅದೇ ಐದು ಗಂಟೆಗೆ ಉದ್ಘಾಟನೆ. ಕಾಲೇಜಿನವರು ಉರ್ಕೋಬೇಕು. ನೀವು ಆ ಪುಸ್ತಕದ ಬಗ್ಗೆ ಎರಡು ಗಂಟೆ ಮಾತಾಡ್ತೀರಿ. ನೋಟಿಸ್ ಅಚ್ಚಿಗೆ ಹೋಗಿದೆ."

ಅತ್ತ ದರಿ, ಇತ್ತ ಪುಲಿ. ಕಾಲೇಜಿಗೆ ಹೋದರೆ ಹತ್ತು ನಿಮಿಷ, ಮಹಡಿ ಹತ್ತಿದರೆ ಎರಡು ಗಂಟೆ, ಎಲ್ಲೂ ಹೋಗದಿದ್ದರೆ ಆ ಮೇಡಂ ಶೀಘ್ರಲಿಪಿಗೆ. ತತ್ವಶಾಸ್ತ್ರವನ್ನು ಗುರುಮುಖೇನ ಕಲಿಯಬೇಕೋ ಸ್ವಂತವಾಗಿ ಕಲಿಯಬೇಕೋ ಅಂತ ಬೀದಿಯಲ್ಲೆಲ್ಲ ಚರ್ಚೆ. ಎರಡರಲ್ಲೂ ಮೊದಲು ತತ್ವಶಾಸ್ತ್ರ ಕಲಿಯಬೇಕಾಗುತ್ತದೆ ಅನ್ನುವುದು ನಂಬರಪ್ಪನೊಬ್ಬನ ಸಂಕಟ.

ಹನ್ನೆರಡು ದಿನ ಇತ್ತಲ್ಲ, ಕೂತು ಓದಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹಾಗೆ ಕೇಳುವವರು ಆ ಪುಸ್ತಕ ನೋಡಿಲ್ಲ. ಪಾಪ, ಮನೆಗೆ ಹೊತ್ತು ತಂದ. ಹನ್ನೆರಡನೇ ಪುಟ ತೆರೆದ. ಅಲ್ಲಿ ಶುರುವಾದ ಒಂದು ವಾಕ್ಯ ಹದಿನಾಲ್ಕನೇ ಪುಟದಲ್ಲಿ ಮುಗಿಯುತ್ತಿತ್ತು. ನಂಬರಪ್ಪ ಹದಿಮೂರರಲ್ಲೇ ಮುಗಿದ. ಪುಸ್ತಕವನ್ನು ಕಿಟಕಿಯ ಮೇಲಿಟ್ಟು, ಓದುವುದಕ್ಕಿಂತ ತೀರ್ಮಾನ ಮಾಡುವುದು ಸುಲಭ, ತೀರ್ಮಾನ ಮಾಡುವುದಕ್ಕಿಂತ ಬೇರೆಯವರನ್ನು ಕೇಳುವುದು ಸುಲಭ ಅಂತ ಸೋಮವಾರ ಅಂಗಡಿಗೆ ಹೊರಟ.

ಕಣ್ಣು ಪರೀಕ್ಷೆಯ ಕ್ರಮ ನಿಮಗೂ ಗೊತ್ತಿರುತ್ತದೆ. ಖಾಲಿ ಚೌಕಟ್ಟು ಮೂಗಿನ ಮೇಲೇರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಒಂದನೆಯದಾ, ಎರಡನೆಯದಾ?" ಅಂತ ಕೇಳುವುದು. ಗಿರಾಕಿ ಹೇಳಿದ್ದಕ್ಕೆ ಕಾರ್ಡಿನ ಮೇಲೆ ಒಂದು ಗುರುತು. ಪರೀಕ್ಷೆ ಮಾಡುವವನು ಯಾವುದನ್ನೂ ತೀರ್ಮಾನ ಮಾಡಬೇಕಾಗಿಲ್ಲ. ಹದಿನೆಂಟು ವರ್ಷ ಈ ಕೆಲಸ ಮಾಡಿದವನಿಗೆ ತನ್ನ ಬದುಕಿನ ಪ್ರಶ್ನೆಯನ್ನೂ ಅದೇ ಕುರ್ಚಿಯಲ್ಲಿ ಕೂತವರಿಗೆ ಕೇಳಬೇಕು ಅಂತ ಹೊಳೆದದ್ದರಲ್ಲಿ ಆಶ್ಚರ್ಯವೇನಿದೆ? ಒಂದು ಅಂದರೆ ಕಾಲೇಜು, ಎರಡು ಅಂದರೆ ಸ್ವಂತ ಓದು. ಎರಡೂ ಪ್ರಶ್ನೆ ಒಟ್ಟಿಗೆ, ಎರಡಕ್ಕೂ ಗುರುತು ಒಂದೇ ಕಾರ್ಡಿನಲ್ಲಿ.

ಮೊದಲು ಕೂತವನು ಬೀದಿಯ ಟೈಲರ್.

"ಒಂದನೆಯದಾ, ಎರಡನೆಯದಾ?"

"ಒಂದನೆಯದು."

"ಅಂದ್ರೆ ಕಾಲೇಜೇ ಸರಿ ಅಂತೀರಾ?"

"ಯಾವ ಕಾಲೇಜಯ್ಯಾ? ನನಗೆ ಸೂಜಿಗೆ ದಾರ ಪೋಣಿಸಬೇಕು."

"ಅದನ್ನ ಸ್ವಂತವಾಗಿ ಮಾಡ್ತೀರಾ?"

"ಮತ್ತೆ, ಪ್ರತಿ ಗುಂಡಿಗೂ ಪಕ್ಕದ ಅಂಗಡಿಯವರನ್ನ ಕರೀಲಾ?"

ನಂಬರಪ್ಪ ತಲೆ ತೂಗಿ ಸ್ವಂತ ಓದಿಗೆ ಒಂದು ಗುರುತು ಹಾಕಿದ. ಹೀಗೆ ಎರಡು ದಿನ ಮೂವತ್ತೆಂಟು ಜನ. ಪೋಸ್ಟ್‌ಮಾಸ್ಟರು ಗಾಜು ಹಾಕುವ ಮೊದಲೇ "ಎರಡನೆಯದು!" ಅಂತ ಕೂಗಿದರು. ಮೂವತ್ತೊಂಬತ್ತನೆಯವರಾಗಿ ಅತ್ತೆ ಬಂದರು. ಮಗಳು ಬಲವಂತ ಮಾಡಿ ಕಳಿಸಿದ್ದಳು.

"ಒಂದನೆಯದಾ ಅತ್ತೆ, ಎರಡನೆಯದಾ?"

"ಎರಡೂ ಮಸುಕೇ ಅಳಿಯಂದಿರೇ."

ಮಂಗಳವಾರ ಸಂಜೆ ಎಣಿಸಿದರೆ ಹತ್ತೊಂಬತ್ತಕ್ಕೆ ಹತ್ತೊಂಬತ್ತು. ತಲೆ ಕೆಟ್ಟು, ಅದೇ ಕಾರ್ಡುಗಳನ್ನು ಮುಂದಿಟ್ಟುಕೊಂಡು ಗಾಜಿನ ಆರ್ಡರ್ ಬರೆಯಲು ಕೂತ. ಯಾವ ಗುರುತು ಕಣ್ಣಿನದು, ಯಾವುದು ಕಾಲೇಜಿನದು? ದೇವರಿಗೇ ಗೊತ್ತು. ದೇವರನ್ನು ಕೇಳುವ ಪುರುಸೊತ್ತಿಲ್ಲದೆ ತೋಚಿದಂತೆ ಬರೆದು ಕಳಿಸಿದ.

ಗುರುವಾರ ಕನ್ನಡಕಗಳು ಬಂದವು, ಮೂಗುಗಳನ್ನು ಏರಿದವು. ಶುಕ್ರವಾರ ಬೆಳಿಗ್ಗೆ ಅಂಗಡಿಯ ಮುಂದೆ ಜಾತ್ರೆ. ಟೈಲರ್ ಒಂದು ಅಂಗಿಗೆ ಎರಡೂ ಎಡತೋಳು ಹಚ್ಚಿದ್ದ. ಬಸ್ ಕಂಡಕ್ಟರ್ ತನ್ನ ಬಸ್ಸು ಅಂತ ಕಸದ ಲಾರಿ ಹತ್ತಿ ಎರಡು ನಿಲ್ದಾಣ ಹೋಗಿ, ಅಲ್ಲಿದ್ದವರಿಗೆ ಟಿಕೆಟ್ ಕೇಳಿದ್ದ. ಪೋಸ್ಟ್‌ಮಾಸ್ಟರು ತಮ್ಮ ಮನೆ ಅಂತ ಎದುರುಮನೆಗೆ ನುಗ್ಗಿ, ಅಲ್ಲಿಯ ಹೆಂಗಸಿಗೆ "ಟೀ ಇನ್ನೂ ಆಗಿಲ್ವೇನೇ?" ಅಂತ ಗದರಿ, ಕುಡಿದು, "ಎಷ್ಟೋ ವರ್ಷದ ಮೇಲೆ ಬಾಯಿಗಿಡೋ ಹಾಗೆ ಮಾಡಿದ್ದೀಯ" ಅಂತ ಹೊಗಳಿ ಎದ್ದಿದ್ದರು. ಅವರ ಸ್ವಂತ ಹೆಂಡತಿ ಆಗ ಎದುರಿನ ಕಿಟಕಿಯಲ್ಲಿ ನಿಂತು ಬಟ್ಟೆ ಒಣಗಿಸುತ್ತಿದ್ದರು.

"ಇದೆಲ್ಲ ಆ ಪುಸ್ತಕದ ಕಿತಾಪತಿ" ಅಂತ ಟೈಲರ್ ತೀರ್ಪು ಕೊಟ್ಟ. "ಕಣ್ಣಿಗೆ ಕಾಣೋದೆಲ್ಲ ಸುಳ್ಳು ಅಂತ ಅದರಲ್ಲಿ ಬರೆದಿದೆಯಂತೆ. ಇವನು ಅದನ್ನ ನಮ್ಮ ಮೇಲೆ ಪ್ರಯೋಗ ಮಾಡಿದ್ದಾನೆ."

"ಕಾಲೇಜಿನ ಗಾಳಿ ಸೋಕಿದ್ದಕ್ಕೇ ಹೀಗೆ," ಅಂದರು ಪೋಸ್ಟ್‌ಮಾಸ್ಟರು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಯಜಮಾನರು ಅಂತ ತಿಳಿದು ಅದರ ಕಡೆ ಬೆರಳು ತೋರಿಸುತ್ತಾ. "ಸೇರಿದ ಮೇಲೆ ಇನ್ನೇನು ಗತಿ!"

ಯಜಮಾನರು ನಂಬರಪ್ಪನನ್ನು ಪರದೆಯ ಹಿಂದಕ್ಕೆ ಕರೆದರು. "ಮೂವತ್ತೆಂಟು ಜನರನ್ನೂ ಒಂದು ವಾರದಲ್ಲಿ ಮತ್ತೆ ಕೂರಿಸಿ ನೋಡಬೇಕು. ಹಲಗೆ ಮೇಲಿರೋ ಅಕ್ಷರ ಬಿಟ್ಟು ಬೇರೆ ಒಂದು ಮಾತು ನಿನ್ನ ಬಾಯಿಂದ ಬಂದ್ರೆ, ಆ ಕುರ್ಚಿಗೆ ಬೇರೆಯವರನ್ನ ಹುಡುಕ್ತೀನಿ. ತಿಳೀತಾ?"

"ತಿಳೀತು ಸಾರ್."

"ಕಾಲೇಜಾ, ಸ್ವತಂತ್ರವಾ ಅಂತ ನನ್ನನ್ನೂ ಕೇಳ್ಬೇಡ."

ಮೂವತ್ತೆಂಟು ಜನ ಬಂದು ಉಗಿದು ಹೋದರು. ದೂರು ಹೇಳದೆ ಉಳಿದವರು ಅತ್ತೆ ಒಬ್ಬರೇ. ಆರು ವರ್ಷದಿಂದ ಸಣ್ಣ ಅಕ್ಷರ ಕಾಣುವುದಿಲ್ಲ ಅಂತ ಹೇಳುತ್ತಿದ್ದರು. ಇವನು ಪ್ರತಿ ಸಲ ಹಳೆಯ ನಂಬರನ್ನೇ ಬರೆದು "ವಯಸ್ಸಾಯ್ತಲ್ಲ ಅತ್ತೆ" ಅನ್ನುತ್ತಿದ್ದ. ದೀಪದ ಕೆಳಗೆ ಕತ್ತಲು ಅನ್ನುವುದು ಇದಕ್ಕೇ. ಈ ಸಲ ತಪ್ಪಿ ಬರೆದ ನಂಬರು ಅವರ ಕಣ್ಣಿಗೆ ಸರಿಯಾಗಿ ಕೂತುಬಿಟ್ಟಿತ್ತು! ಹೊಸ ಕನ್ನಡಕ ಹಾಕಿಕೊಂಡ ಅತ್ತೆ ಮೊದಲು ಮೂಲೆಯ ಜೇಡರಬಲೆ ನೋಡಿದರು, ಆಮೇಲೆ ಅಳಿಯನ ಅರ್ಧ ಬೋಳಿಸಿದ ಗಡ್ಡ ನೋಡಿದರು, ಆಮೇಲೆ ಕಿಟಕಿಯ ಮೇಲಿದ್ದ ಪುಸ್ತಕ ತೆಗೆದರು. ಆರು ವರ್ಷದ ಹಸಿವು. ಮನೆಯಲ್ಲಿ ಬೇರೆ ಪುಸ್ತಕವೂ ಇರಲಿಲ್ಲ.

ಅಲ್ಲಿಂದ ನಂಬರಪ್ಪ ಊಟಕ್ಕೆ ಕೂತಾಗೆಲ್ಲ ಪ್ರಶ್ನೆಗಳು ಶುರುವಾದವು.

"ಅಳಿಯಂದಿರೇ, ಇನ್ನೂರ ನಾಲ್ಕನೇ ಪುಟದಲ್ಲಿ ಈ ಪುಣ್ಯಾತ್ಮ, ಎದುರಿಗಿರೋ ಕುರ್ಚಿ ನಿಜವಾಗಿ ಇದೆಯೋ ಇಲ್ಲವೋ ಗೊತ್ತಿಲ್ಲ ಅಂತಾನೆ. ಮುನ್ನೂರಕ್ಕೆ ಬಂದು ಇದೆ ಅಂತಾನೆ. ಆ ನೂರು ಪುಟ ಬರೆಯುವಾಗ ಎಲ್ಲಿ ಕೂತಿದ್ದ?"

"ಅದು... ಮುಂದೆ ಹೋದ ಹಾಗೆ ಗೊತ್ತಾಗುತ್ತೆ ಅತ್ತೆ."

"ಎಷ್ಟನೇ ಪುಟದಲ್ಲಿ?"

"ಒಂದೇ ಪುಟದಲ್ಲಿ ಅಂತ ಹೇಳೋಕಾಗಲ್ಲ. ಅದೊಂಥರಾ ಎಲ್ಲ ಕಡೆ ಇದೆ."

ಬುಧವಾರ ಅತ್ತೆ ನಿಟ್ಟುಸಿರು ಬಿಟ್ಟರು. "ಮೂರನೇ ಅಧ್ಯಾಯದಲ್ಲಿ ಆ ಕುದುರೆ ಸಾಯೋ ಜಾಗ ಬಂದಾಗ ಅಳು ತಡೆಯೋಕಾಗಲಿಲ್ಲ ನನಗೆ."

"ನನಗೂ ಅತ್ತೆ," ಅಂದ ನಂಬರಪ್ಪ, ಕೊನೆಗೂ ತನಗೆ ನಿಲುಕುವ ವಿಷಯ ಬಂತಲ್ಲ ಅನ್ನುವ ಖುಷಿಯಲ್ಲಿ. "ಎರಡು ಸಲವೂ ಅತ್ತೆ."

ಅತ್ತೆ ಪುಟ ತಿರುಗಿಸಿದರು. ಆ ಪುಸ್ತಕದಲ್ಲಿ ಕುದುರೆ ಇರಲಿಲ್ಲ.

ಶುಕ್ರವಾರ ಬಂದೇ ಬಂತು. ಎಲ್ಲರ ಕಣ್ಣೂ ಸರಿಮಾಡಿ ಮುಗಿಸಿದ ನಂಬರಪ್ಪ ನಾಲ್ಕು ಗಂಟೆಗೆ ಕಾಲೇಜಿನ ಕಡೆ ಹೊರಟ. ಎರಡು ಗಂಟೆ ಹೊತ್ತು ಮಾನ ಕಳೆದುಕೊಳ್ಳುವುದಕ್ಕಿಂತ ಹತ್ತು ನಿಮಿಷದಲ್ಲಿ ಕಳೆದುಕೊಳ್ಳುವುದು ವಾಸಿ. ಇದು ಅವನ ಬದುಕಿನ ಮೊದಲ ಸ್ವತಂತ್ರ ಚಿಂತನೆ. ಅತ್ತೆ ಚಪ್ಪಲಿ ಮೆಟ್ಟಿ ಜೊತೆಗೆ ಬಂದರು, ಕೈಚೀಲದಲ್ಲಿ ಪುಸ್ತಕ. "ಆ ಮೇಡಂ ಹತ್ತಿರ ನಾನೂ ಒಂದು ಪ್ರಶ್ನೆ ಕೇಳಬೇಕು" ಅಂದರು.

ಕಾಲೇಜಿನ ಕಚೇರಿಯಲ್ಲಿ ಒಂದು ಮೇಜು, ಒಬ್ಬ ಗುಮಾಸ್ತ, ತೆರೆದಿಟ್ಟ ದಾಖಲಾತಿ ಪುಸ್ತಕ. ಮೇಡಂ ಹೊಸ ಸೀರೆ ಉಟ್ಟು ಬಂದಿದ್ದರು. ಹಿಂದೆಯೇ ಪೋಸ್ಟ್‌ಮಾಸ್ಟರು ತಮ್ಮ ಮೂವರು ಸ್ವತಂತ್ರ ಚಿಂತಕರನ್ನು ಕಟ್ಟಿಕೊಂಡು ನುಗ್ಗಿದರು. "ಬನ್ನಿ ಸ್ವಾಮಿ, ಮಹಡಿ ಮೇಲೆ ಕುರ್ಚಿ ಹಾಕಿಸಿದ್ದೀನಿ!"

"ಸ್ವಲ್ಪ ಹೊರಗಿರಿ, ಇಲ್ಲಾಂದ್ರೆ ಸುಮ್ನಿರಿ," ಅಂದ ಗುಮಾಸ್ತ. "ನಾಲ್ಕು ನಲವತ್ತು. ಶುರು ಮಾಡಿ."

ನಂಬರಪ್ಪ ಎದ್ದು ನಿಂತ. "ಈ ಪುಸ್ತಕ... ತುಂಬಾ ದೊಡ್ಡದು."

ಮೇಡಂ ಉತ್ಸಾಹದಿಂದ ತಲೆಯಾಡಿಸಿದರು.

"ಬರೆದವರು ಮುನ್ನುಡಿಯಲ್ಲಿ ತಮ್ಮ ಹೆಂಡತಿಗೆ ಧನ್ಯವಾದ ಹೇಳಿದ್ದಾರೆ. ಟೈಪ್ ಮಾಡಿದವರಿಗೂ ಹೇಳಿದ್ದಾರೆ." ಬೆವರು ಒರೆಸಿಕೊಂಡ. ಗಡಿಯಾರ ನೋಡಿದ. ಒಂದು ನಿಮಿಷವೂ ಆಗಿರಲಿಲ್ಲ.

"ಅದಿರಲಿ," ಅಂದರು ಮೇಡಂ ಮೆತ್ತಗೆ. "ಮೂರನೇ ಅಧ್ಯಾಯದಿಂದ ಹೇಳಿ. ಅಲ್ಲೇ ಅಲ್ವಾ ಮುಖ್ಯವಾದ್ದು ಇರೋದು?"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಅಲ್ಲಿ ಕುದುರೆ ಸಾಯುತ್ತೆ ಮೇಡಂ!"

"ಯಾವ ಕುದುರೆ?"

ನಂಬರಪ್ಪ ಅತ್ತೆಯ ಕಡೆ ತಿರುಗಿದ. ಅತ್ತೆ ಸೂರು ನೋಡುತ್ತಿದ್ದರು. ಆಗ ಅವನಿಗೆ ಎಲ್ಲ ತಿಳಿಯಿತು. ಭೂಮಿ ಬಾಯ್ಬಿಟ್ಟರೆ ಒಳಗೆ ಇಳಿದುಬಿಡೋಣ ಅನ್ನುವಷ್ಟು ನಾಚಿಕೆಯಾಯಿತು.

"ನಾನು ಓದಿಲ್ಲ ಮೇಡಂ. ಹನ್ನೊಂದೇ ಪುಟ ಓದಿದ್ದು. ಅದೂ ಮುನ್ನುಡಿ. ಎರಡು ಸಲ ಅಂತ ಸುಮ್ನೆ ಅಂದುಬಿಟ್ಟೆ. ಅವತ್ತು ನೀವು ಹಾಗೆ ನೋಡಿದ್ರಿ, ಅದಕ್ಕೆ."

ಮೇಡಂ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಶೀಘ್ರಲಿಪಿ" ಅಂದರು ನಿಧಾನವಾಗಿ. ಪೋಸ್ಟ್‌ಮಾಸ್ಟರು ಬಾಯಿ ತೆರೆದವರು ಮುಚ್ಚಲಿಲ್ಲ. ಅವರ ಮಹಡಿಯ ಕುರ್ಚಿಗಳೂ ಖಾಲಿಯಾದ ಹಾಗೇ. ಗುಮಾಸ್ತ ದಾಖಲಾತಿ ಪುಸ್ತಕ ಮಡಚಲು ಕೈಯಿಟ್ಟ. ತನ್ನ ಒಂದು ಬಡಾಯಿಗೆ ಒಬ್ಬರ ಬದುಕಿಗೇ ಬೀಗ ಬೀಳುತ್ತಿದೆಯಲ್ಲ ಅಂತ ನಂಬರಪ್ಪ ಆ ಕೈಯನ್ನೇ ನೋಡುತ್ತಾ ನಿಂತ.

"ಅಮ್ಮಾ, ನನ್ನದೊಂದು ಪ್ರಶ್ನೆ ಇತ್ತು," ಅಂದರು ಅತ್ತೆ. "ಆ ಕುರ್ಚಿ ವಿಷಯ. ನೂರು ಪುಟ ಎಲ್ಲಿ ಕೂತಿದ್ದ ಅವನು?"

ಮೇಡಂ ತಲೆ ಎತ್ತಿದರು. "ಅದು ಅನುಮಾನದ ವಿಧಾನ. ನಿಜವಾಗಿ ಎದ್ದು ಹೋಗಬೇಕಾಗಿಲ್ಲ."

"ಹಾಗಾದ್ರೆ ಅನುಮಾನಾನೂ ನಿಜವಾದ್ದಲ್ಲ. ಬೆನ್ನಿಗೆ ಒರಗು ಇಟ್ಕೊಂಡು ಒರಗು ಇಲ್ಲ ಅಂದ ಹಾಗೆ."

"ಇಲ್ಲ, ಇಲ್ಲ, ನೀವು ಐನೂರ ಹತ್ತನೇ ಪುಟ ನೋಡಿ..."

"ನೋಡಿದೆ. ಅಲ್ಲಿ ಜಾರಿಕೊಂಡಿದ್ದಾನೆ."

"ಜಾರಿಕೊಂಡಿಲ್ಲ!" ಅಂತ ಮೇಡಂ ಮೇಜು ಗುದ್ದಿದರು. ಅವರ ಮುಖದಲ್ಲಿ ಜೀವ ಬಂದಿತ್ತು. ಇಬ್ಬರೂ ಪುಟ ತಿರುಗಿಸಿ ತಿರುಗಿಸಿ ಹಣಾಹಣಿಗೆ ಬಿದ್ದರು. ಸ್ವತಂತ್ರ ಚಿಂತಕರು ಮೂವರೂ ಯಾರ ಪಕ್ಷ ಅಂತ ತಿಳಿಯದೆ ಗೋಡೆಗೆ ಒರಗಿದರು.

"ಐದಕ್ಕೆ ಮೂರು ನಿಮಿಷ," ಅಂದ ಗುಮಾಸ್ತ. "ಹತ್ತು ನಿಮಿಷ ಯಾವಾಗಲೋ ಆಯ್ತು. ಈ ಅಮ್ಮ ಸೇರ್ತಾರೋ ಇಲ್ವೋ?"

ಎಲ್ಲರೂ ಅತ್ತೆಯ ಕಡೆ ತಿರುಗಿದರು.

"ನನಗೆ ಅರವತ್ತೆಂಟು," ಅಂದರು ಅತ್ತೆ.

"ಇಷ್ಟರ ಮೇಲಿರಬೇಕು ಅಂತ ನಿಯಮ ಇದೆ. ಇಷ್ಟರ ಕೆಳಗಿರಬೇಕು ಅಂತ ಯಾರೂ ಬರೆದಿಲ್ಲ," ಅಂದ ಗುಮಾಸ್ತ.

ಪೋಸ್ಟ್‌ಮಾಸ್ಟರಿಗೆ ತಡೆಯಲಾಗಲಿಲ್ಲ. "ಅಮ್ಮಾ, ಇಷ್ಟನ್ನೂ ನೀವು ಒಬ್ಬರೇ ಓದಿದ್ದೀರಿ! ನಿಮಗೆ ಕಾಲೇಜು ಯಾಕೆ? ನಮ್ಮ ಮಹಡಿಗೆ ಬನ್ನಿ."

"ಓದೋದು ಒಬ್ಬಳೇ ಓದಿದೆ ಸ್ವಾಮಿ. ಜಗಳ ಆಡೋಕೆ ಮನೇಲಿ ಯಾರಿದ್ದಾರೆ? ಇರೋರೊಬ್ಬರು ಕುದುರೆಗೆ ಅಳ್ತಾ ಕೂತಿರ್ತಾರೆ."

ಗುಮಾಸ್ತ ಅರ್ಜಿ ತುಂಬಿಸಿದ. ಕೊನೆಯಲ್ಲಿ ಪೋಷಕರ ಸಹಿ ಅಂತ ಒಂದು ಜಾಗ. ಖಾಲಿ ಬಿಟ್ಟರೆ ಅರ್ಜಿ ತಿರಸ್ಕೃತ ಅಂತ ಅವನು ಖಡಾಖಂಡಿತವಾಗಿ ಹೇಳಿದ. ಅರವತ್ತೆಂಟರ ವಿದ್ಯಾರ್ಥಿನಿಗೆ ಪೋಷಕರು ಯಾರು? ಕೋಣೆಯಲ್ಲಿದ್ದ ಕಣ್ಣುಗಳೆಲ್ಲ, ಅವನೇ ವಾರವಿಡೀ ಸರಿಮಾಡಿದ್ದ ಕಣ್ಣುಗಳು, ನಂಬರಪ್ಪನ ಮೇಲೆ ನಿಂತವು. ಐದಕ್ಕೆ ಒಂದು ನಿಮಿಷ ಇರುವಾಗ ಅವನು ಸಹಿ ಹಾಕಿದ. ಅವನಿಗೆ ಅಳು ಬಂದಿತ್ತು. ಈ ಸಲ ನಿಜವಾದದ್ದು.

ಈಗ ವಾರಕ್ಕೆ ಐದು ಸಂಜೆ ಅತ್ತೆಯನ್ನು ಕಾಲೇಜಿಗೆ ಮುಟ್ಟಿಸಿ, ಪೋಷಕನಾದವನು ವರಾಂಡದಲ್ಲಿ ಕಾಯುತ್ತಾನೆ. ಒಳಗಿನ ಜಗಳ ಬೀದಿಯವರೆಗೂ ಕೇಳಿಸುತ್ತದೆ. ಮೇಡಂ ನಾಲ್ಕು ಕಿಲೋ ದಪ್ಪಗಾಗಿದ್ದಾರಂತೆ. ಪೋಸ್ಟ್‌ಮಾಸ್ಟರು ದಾರಿಯಲ್ಲಿ ಸಿಕ್ಕಾಗ ಚುಚ್ಚದೆ ಬಿಡುವುದಿಲ್ಲ. "ಕೊನೆಗೆ ಯಾವುದು ಮಾಡಿದಿರಿ ಸ್ವಾಮಿ? ಕಾಲೇಜಾ, ಸ್ವತಂತ್ರವಾ?"

"ಮನೆಪಾಠ ಸಾರ್," ಅನ್ನುತ್ತಾನೆ ನಂಬರಪ್ಪ.

ನಿಜವೇ. ಪ್ರತಿ ಭಾನುವಾರ ಬೆಳಿಗ್ಗೆ ಅತ್ತೆ ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ. ಮೊದಲ ಭಾನುವಾರ ಹೆಂಡತಿ ಬಾಗಿಲಿಗೆ ಒರಗಿ, ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು.

"ಈ ವಾರ ಎಷ್ಟು ಓದಿದಿರಿ ಅಳಿಯಂದಿರೇ?"

ಹತ್ತು ಪುಟ ಅನ್ನುವುದು ನಾಲಿಗೆಯ ತುದಿಯವರೆಗೆ ಬಂತು. ನಂಬರಪ್ಪ ಅದನ್ನು ಕಷ್ಟಪಟ್ಟು ನುಂಗಿದ.

"ಅರ್ಧ ಪುಟ ಅತ್ತೆ. ಅದೂ ಅರ್ಥ ಆಗಲಿಲ್ಲ."

ಅತ್ತೆ ಅವನನ್ನು ಒಂದು ಗಳಿಗೆ ನೋಡಿದರು. "ಹಾಗಾದ್ರೆ ನಿಜವಾಗಲೂ ಓದಿದ್ದೀರಿ" ಅಂದರು.